ಲಿಂಡೆನ್ ಮರದಡಿ ಕೂರುವ ಮೊದಲು ಬೆಂಚು ನೋಡಿ

ಮಗಳು ಬರ್ಲಿನ್‌ನಲ್ಲಿ ಓದುತ್ತಿದ್ದಾಳೆ. "ಲಿಂಡೆನ್ ಹೂ ಬಿಡುವಾಗಲೇ ಬಾ ಅಮ್ಮ" ಎಂದಿದ್ದಳು. ಹಾಗಾಗಿ ಜೂನ್‌ನಲ್ಲಿ, ಕುಂಬಳೆಯಲ್ಲಿ ಧೋ ಎಂದು ಮಳೆ ಸುರಿಯುವಾಗ ಹೊರಟೆ. ನೀವೂ ಹೋಗುವುದಾದರೆ ವೀಸಾ ಅರ್ಜಿ ಬೇಗ ಹಾಕಿ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಹಾಕಬಹುದು.

ನಾವು ಹೋದದ್ದು ಬರ್ಲಿನ್‌ನ ಉಂಟರ್ ಡೆನ್ ಲಿಂಡೆನ್ ಬೀದಿಗೆ. ಆ ಹೆಸರಿಗೆ 'ಲಿಂಡೆನ್ ಮರಗಳ ಕೆಳಗೆ' ಅಂತಲೇ ಅರ್ಥ. ಸುಮಾರು ಒಂದೂವರೆ ಕಿಲೋಮೀಟರ್ ಬೀದಿ. ನಡುವಿನ ಅಗಲ ದಾರಿ ನಡೆಯುವವರಿಗೆ, ವಾಹನಗಳೆಲ್ಲ ಎರಡು ಬದಿಗೆ. ಯು5 ಮೆಟ್ರೋ ರೈಲಿನಲ್ಲಿ ಮ್ಯೂಸಿಯಮ್ಸ್‌ಇನ್‌ಸೆಲ್ ನಿಲ್ದಾಣಕ್ಕೆ ಬಂದು, ಬ್ರಾಂಡೆನ್‌ಬರ್ಗ್ ದ್ವಾರದ ಕಡೆಗೆ ನಡೆಯಿರಿ. ಬೆಳಿಗ್ಗೆಯಾದರೆ ಬಿಸಿಲು ಬೆನ್ನಿಗೆ. ಟಿಕೆಟ್ ಕೊಂಡರೆ ಸಾಲದು, ಪ್ಲಾಟ್‌ಫಾರಂನ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕು. ನಾನು ಮರೆತಿದ್ದೆ. ಮಗಳು ನೋಡದಿದ್ದರೆ 60 ಯೂರೋ ದಂಡ!

ಹಿಂದೆ ಇದು ಅರಮನೆಯಿಂದ ಬೇಟೆಯ ಕಾಡಿಗೆ ಹೋಗುವ ಕುದುರೆ ದಾರಿ. 1647ರಲ್ಲಿ ಸಾಲುಮರ ನೆಡಿಸಿದರು. ಆದರೆ ಈಗ ಇರುವವು ಆ ಮರಗಳಲ್ಲ. 1930ರ ದಶಕದಲ್ಲಿ ನೆಲದಡಿ ರೈಲಿಗಾಗಿ ಹಳೆಯವನ್ನು ಕಡಿದು, ಎಳೆ ಸಸಿಗಳ ಜೊತೆ ದೀಪದ ಕಂಬ ನಿಲ್ಲಿಸಿದರು. 'ಲಿಂಡೆನ್ ಕೆಳಗಲ್ಲ, ಲಾಂದ್ರದ ಕೆಳಗೆ' ಎಂದು ಊರವರು ನಕ್ಕರಂತೆ. ಯುದ್ಧದ ನಂತರ, 1950ರ ದಶಕದಲ್ಲಿ ಮತ್ತೆ ನೆಟ್ಟರು. ತಲಪಾಡಿಯಿಂದ ಇತ್ತ ಹೆದ್ದಾರಿ ಅಗಲ ಮಾಡುವಾಗ ಮರಗಳು ಉರುಳಿದ್ದನ್ನು ನೋಡಿದ ನನಗೆ ಆ ಮೊದಲರ್ಧ ಹೊಸದಲ್ಲ. ಎರಡನೆಯದಕ್ಕೆ ಕಾಯುತ್ತಿದ್ದೇನೆ.

ಲಿಂಡೆನ್ ಎಲೆ ಅಶ್ವತ್ಥದ ಹಾಗೇ, ಬಾಲ ಮಾತ್ರ ಗಿಡ್ಡ, ಅಂಚು ಗರಗಸ. ಹೂ ಸಣ್ಣದು, ಪರಿಮಳ ಜೇನಿನದು. ಒಂದು ಎಚ್ಚರಿಕೆ: ಎಲೆಯ ಹೇನುಗಳು ಸಿಹಿ ಅಂಟು ತೊಟ್ಟಿಕ್ಕಿಸುತ್ತವೆ. ಸುಮ್ನೆ ಹೋಗಿ ಕೂತೆ, ಏಳುವಾಗ ಸೀರೆ ಬೆಂಚಿಗೆ ಅಂಟಿತ್ತು.

ಬೇಬೆಲ್‌ಪ್ಲಾಟ್ಸ್ ಚೌಕವನ್ನು ತಪ್ಪಿಸಬೇಡಿ. 1933ರ ಮೇ 10ರಂದು ನಾಜಿಗಳು ಪುಸ್ತಕ ಸುಟ್ಟ ಜಾಗ. ನೆಲದಲ್ಲೊಂದು ಗಾಜು. ಮೊದಲು ನಿಮ್ಮದೇ ಮುಖ ಕಾಣುತ್ತದೆ. ಕೈ ಅಡ್ಡ ಹಿಡಿದು ಬಗ್ಗಿದರೆ ಕೆಳಗೆ ಬಿಳಿ ಕಪಾಟುಗಳು, ಎಲ್ಲ ಖಾಲಿ. ಅಲ್ಲಿ ನಾವಿಬ್ಬರೂ ಮಾತಾಡಲಿಲ್ಲ.

ಕೊನೆಗೆ ಸಿಗುವ ದ್ವಾರ 1791ರದ್ದು. ಊರನ್ನು ಎರಡಾಗಿ ಸೀಳಿದ್ದ ಬರ್ಲಿನ್ ಗೋಡೆ ಇದ್ದಷ್ಟು ಕಾಲ ಬೀದಿ ಇಲ್ಲಿಗೇ ಮುಗಿಯುತ್ತಿತ್ತು. ಈಗ ಜನಜಾತ್ರೆ, ಫೋಟೋಗೆ ಜಾಗ ಸಿಗುವುದೇ ಕಷ್ಟ.

ಒಣಗಿಸಿದ ಲಿಂಡೆನ್ ಹೂ ಅಲ್ಲಿನ ಅಂಗಡಿಗಳಲ್ಲಿ ಸಿಗುತ್ತದೆ. ಶೀತಕ್ಕೆ ಕುದಿಸಿ ಕುಡಿಯುತ್ತಾರೆ. ಒಂದು ಪೊಟ್ಟಣ ತಂದೆ. ಅತ್ತೆ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು: "ಇದಕ್ಕಿಂತ ನಮ್ಮ ಜೀರಿಗೆ ಕಷಾಯವೇ ಲಾಯ್ಕ."