ಸ್ಪೇಸ್ ಬಾರ್ ಯಾಕೆ ಹೊಳೆಯುತ್ತಿತ್ತು

ಗ್ರಂಥಾಲಯವೊಂದರ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಒಂದೊಂದು ಕೀಬೋರ್ಡ್ ಮೇಲೂ ದಿನಕ್ಕೆ ಹತ್ತಾರು ಜನರ ಕೈ ಆಡುತ್ತದೆ. ಬ್ಲೋವರ್‌ನಿಂದ ಧೂಳು ಊದಿ, ಸಂದಿಯಲ್ಲಿ ಬ್ರಷ್ ಆಡಿಸಿದರೆ ಕ್ಲೀನ್ ಆಯಿತು ಅಂತಲೇ ಬಹಳ ದಿನ ನಂಬಿದ್ದೆ.

ಒಂದು ಸಂಜೆ ಕೀಬೋರ್ಡನ್ನು ಎತ್ತಿ ಬೆಳಕಿಗೆ ಓರೆಯಾಗಿ ಹಿಡಿದೆ. ಸ್ಕ್ರೋಲ್ ಲಾಕ್, ಎಫ್9 ಕೀಗಳ ಮೇಲೆ ತೆಳ್ಳಗೆ ಧೂಳು. ಸ್ಪೇಸ್ ಬಾರ್ ಮಾತ್ರ ಫಳಫಳ ಹೊಳೆಯುತ್ತಿತ್ತು, ಅದರಲ್ಲೂ ಹೆಬ್ಬೆರಳು ಬೀಳುವ ಜಾಗ. ಎಂಟರ್, ಬ್ಯಾಕ್‌ಸ್ಪೇಸ್ ಕೂಡ ಹಾಗೇ. ಬಿಳಿ ಬಟ್ಟೆಗೆ ಸ್ವಲ್ಪ ಆಲ್ಕೋಹಾಲ್ ಹಾಕಿ ಒರೆಸಿದೆ. ಕಂದು ಬಣ್ಣದ ಜಿಡ್ಡು ಬಂತು. ಧೂಳು ಕೂರುವುದು ಯಾರೂ ಮುಟ್ಟದ ಕೀಗಳ ಮೇಲೆ. ನಾನು ಇಷ್ಟು ದಿನ ಅವನ್ನೇ ಮುತುವರ್ಜಿಯಿಂದ ಊದುತ್ತಿದ್ದೆ!

ಆಮೇಲೆ ಓದಿ ತಿಳಿದುಕೊಂಡೆ. ಚರ್ಮದ ಮೇಲೆ, ಮೂಗಿನೊಳಗೆ ಇರುವ ಸ್ಟಾಫಿಲೊಕಾಕಸ್ ಬ್ಯಾಕ್ಟೀರಿಯಾ ಒಣ ಪ್ಲಾಸ್ಟಿಕ್ ಮೇಲೆ ದಿನಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ಆರೋಗ್ಯವಂತರಿಗೆ ಬಹುಪಾಲು ಏನೂ ಆಗುವುದಿಲ್ಲ, ಸುಮ್ನೆ ಹೆದರಬೇಕಿಲ್ಲ. ಆದರೆ ಬೆರಳಲ್ಲಿ ಗಾಯ ಇದ್ದವರೂ ಅಲ್ಲೇ ಕೂರುತ್ತಾರೆ, ಟೈಪ್ ಮಾಡುತ್ತಲೇ ಕಣ್ಣು ಉಜ್ಜಿಕೊಳ್ಳುವವರೂ ಇರುತ್ತಾರೆ, ಅಲ್ವಾ?

ಒರೆಸುವುದರಲ್ಲೂ ತಪ್ಪು ಮಾಡಿದೆ. ಮೊದಲು ಸ್ಪ್ರೇಯನ್ನು ನೇರವಾಗಿ ಕೀಗಳ ಮೇಲೆ ಹೊಡೆದೆ. ದ್ರವ ಒಳಗಿಳಿದು ಎರಡು ಕೀ ಕೆಲಸ ನಿಲ್ಲಿಸಿದವು. ಈಗ ಕಂಪ್ಯೂಟರ್ ಆಫ್ ಮಾಡಿ, ಬಟ್ಟೆಗೆ ಹಾಕಿಕೊಂಡೇ ಒರೆಸುತ್ತೇನೆ. ಇನ್ನೊಂದು, ಜಾಸ್ತಿ ಪವರ್ ಇದ್ದರೆ ಒಳ್ಳೆಯದು ಅಂತ 99% ಐಸೊಪ್ರೊಪೈಲ್ ಆಲ್ಕೋಹಾಲ್ ತರಿಸಿದ್ದೆ. ಅದು ಹಾಕಿದ ಕೂಡಲೇ ಆರಿಹೋಗುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನ್ ಕೆಡಬೇಕಾದರೆ ನೀರೂ ಬೇಕು. ಹಾಗಾಗಿ 70% ಇರುವುದೇ ಚೆನ್ನಾಗಿ ಕೆಲಸ ಮಾಡುತ್ತದೆ.

ಪದೇ ಪದೇ ಒರೆಸಿದರೆ ಅಕ್ಷರ ಅಳಿಸಿ ಹೋಗುತ್ತದೆ ಅಂತ ಸಹೋದ್ಯೋಗಿಗಳು ತಡೆದರು. 2006ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಅವರಿಗೆ ತೋರಿಸಿದೆ. ಅದರಲ್ಲಿ ಸೋಂಕುನಾಶಕದಿಂದ 300 ಸಲ ಒರೆಸಿದರೂ ಕೀಬೋರ್ಡ್ ಹಾಳಾಗಿರಲಿಲ್ಲ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಮಾತು: ಬರೀ ಶುದ್ಧ ನೀರಿನಲ್ಲಿ ಒರೆಸಿದಾಗಲೂ 95%ಗಿಂತ ಹೆಚ್ಚು ಬ್ಯಾಕ್ಟೀರಿಯಾ ಹೋಗಿತ್ತು. ಅಂದರೆ ಉಜ್ಜುವ ಕೈಗೂ ಅಷ್ಟೇ ಬೆಲೆ ಇದೆ.

ಮೌಸನ್ನು ಮಾತ್ರ ತಿಂಗಳುಗಟ್ಟಲೆ ಮರೆತೇಬಿಟ್ಟಿದ್ದೆ. ಈಗ ಅದರ ಎಡಗಡೆ ಬಟನ್ನೂ ಚಕ್ರವೂ ಪಟ್ಟಿಯಲ್ಲಿವೆ.

ಬೆಳಿಗ್ಗೆ ಎಷ್ಟೇ ಒರೆಸಿದರೂ ಮೊದಲು ಬಂದು ಕೂತವರ ಕೈ ಸೋಕಿದರೆ ಮುಗಿಯಿತು. ಅದಕ್ಕೇ ಕೋಣೆಯ ಹೊರಗಿನ ನಲ್ಲಿ ಹತ್ತಿರ ಸೋಪು ಇಡಿಸಿದೆ. ಕೆಲವರು ಕೈ ತೊಳೆದು ಒದ್ದೆ ಬೆರಳಲ್ಲೇ ಬಂದು ಕೂರುತ್ತಾರೆ. ಒರೆಸಿಕೊಳ್ಳಲು ಪೇಪರ್ ಟವೆಲ್ ಬೇಕು ಅಂತ ಮೊನ್ನೆ ಬರೆದುಕೊಟ್ಟಿದ್ದೇನೆ.