ಯಾಶಿಕಾ 635ರ ಅಂಟು ಶಟರ್: ಕೆಲಸ ಎಲ್ಲಿಗೆ ಬಂತು

ಬಳ್ಳಾರಿಯ ಹಳೇ ಸ್ಟುಡಿಯೋ ಒಂದು ಬಾಗಿಲು ಹಾಕುವಾಗ ಸಿಕ್ಕ ಕ್ಯಾಮೆರಾ ಇದು. 1958ರಲ್ಲಿ ಬಂದ ಮಾಡೆಲ್. ಮೇಲಿನ ಲೆನ್ಸ್ ನೋಡಲಿಕ್ಕೆ, ಕೆಳಗಿನದು ಫೋಟೋ ತೆಗೆಯಲಿಕ್ಕೆ. 120 ಅಳತೆಯ ಫಿಲ್ಮ್ ರೋಲ್ ಹಾಕಿದರೆ 12 ಚೌಕದ ಫೋಟೋ. ಲೆನ್ಸಿನಲ್ಲಿ ಫಂಗಸ್ ಇಲ್ಲ, ನಮ್ಮೂರಿನ ಒಣ ಹವೆಯ ಪುಣ್ಯ. ಆದರೆ ಎಷ್ಟೋ ಬೇಸಿಗೆ ತಗಡಿನ ಟ್ರಂಕಿನಲ್ಲಿ ಬೆಂದಿದೆ. ಗ್ರೀಸಿನಿಂದ ಎಣ್ಣೆ ಬಿಟ್ಟು, ಬೆಳಕನ್ನು ಕ್ಷಣಮಾತ್ರ ಒಳಗೆ ಬಿಟ್ಟು ಮುಚ್ಚುವ ಶಟರಿನ ಬ್ಲೇಡುಗಳ ಮೇಲೆ ಹರಡಿದೆ. ಸಾಲದ್ದಕ್ಕೆ ಹಿಂದೆ ಯಾರೋ ಹೊಲಿಗೆ ಮಷಿನ್ ಎಣ್ಣೆಯನ್ನೂ ಬಿಟ್ಟ ಹಾಗಿದೆ. ಈ ಬ್ಲೇಡುಗಳು ಒಣಗಿಯೇ ಓಡಬೇಕು, ಅವಕ್ಕೆ ಎಣ್ಣೆ ತೋರಿಸಲೇಬಾರದು.

ಬಟನ್ ಒತ್ತಿದರೆ ಶಟರ್ ತೆರೆಯುತ್ತದೆ. ಮುಚ್ಚುವಾಗ ಮಾತ್ರ ಅರ್ಧಕ್ಕೇ ನಿಂತು, ನಡುವೆ ನಕ್ಷತ್ರದಂಥ ಸಂದು ಉಳಿದು, ಆಮೇಲೆ ತೆವಳಿಕೊಂಡು ಮುಚ್ಚುತ್ತದೆ. ಮಜಾ ಅಂದ್ರೆ, ಮಧ್ಯಾಹ್ನ ಕಿಟಕಿ ಹತ್ತಿರ ಇಟ್ಟರೆ ಏನೂ ಆಗಿಲ್ಲದ ಹಾಗೆ ಟಕ್ ಅನ್ನುತ್ತದೆ. ಬಿಸಿಗೆ ಎಣ್ಣೆ ತೆಳುವಾಗುತ್ತದಲ್ವಾ? ಅದಕ್ಕೇ ಈಗ ಪರೀಕ್ಷೆಯೆಲ್ಲ ಬೆಳಗಿನ ಚಳಿಯಲ್ಲೇ.

ಕೆಳಗಿನ ಲೆನ್ಸಿನ ಮುಂಭಾಗವನ್ನು ರಬ್ಬರ್ ಬಿರಡೆ ಒತ್ತಿ ತಿರುಗಿಸಿ ಬಿಚ್ಚಿದೆ. ಟಾರ್ಚ್ ಓರೆಯಾಗಿ ಹಿಡಿದರೆ ಬ್ಲೇಡಿನ ಮೇಲೆ ಕಾಮನಬಿಲ್ಲಿನ ಬಣ್ಣ, ಅಂಚಿನಲ್ಲಿ ಕಂದು ಗೆರೆ. ಬೆಂಗಳೂರು ರೋಡಿನಲ್ಲಿ ಮೊಬೈಲ್ ರಿಪೇರಿಗೆ ಬಳಸುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸಿಕ್ಕಿತು. ಆದರೆ ಎಣ್ಣೆ ಕರಗಿಸಲು ಲೈಟರ್‌ಗೆ ಹಾಕುವ ನ್ಯಾಫ್ತಾನೇ ವಾಸಿ. ಬೇಗ ಆರುತ್ತದೆ, ಕಲೆಯೂ ಕಡಿಮೆ. ಒಲೆಯಿಂದ ದೂರ ಕೂರಬೇಕು, ಕಿಟಕಿ ತೆರೆದಿರಬೇಕು, ಫ್ಯಾನ್ ಆಫ್ ಇರಬೇಕು. ಡಿಸೆಂಬರ್ ಆದ್ದರಿಂದ ಸರಿಹೋಯಿತು. ಏಪ್ರಿಲ್‌ನಲ್ಲಾಗಿದ್ದರೆ ನಾನು ಕೈಯೇ ಹಾಕುತ್ತಿರಲಿಲ್ಲ.

ಕಡ್ಡಿಯ ತುದಿಯಿಂದ ಒಂದೇ ಒಂದು ಹನಿ, ಹಲವು ಸಲ ಶಟರ್ ಹೊಡೆಯುವುದು, ಟಿಶ್ಯೂ ಒತ್ತಿ ಹೀರಿಸುವುದು. ಹತ್ತಿ ಬೇಡ, ಎಳೆ ಒಳಗೆ ಸಿಕ್ಕಿಕೊಳ್ಳುತ್ತದೆ. ಒದ್ದೆ ಇರುವಾಗ ಶಟರ್ ಚೆನ್ನಾಗಿಯೇ ಓಡುತ್ತದೆ, ಅದನ್ನು ನಂಬಬೇಡಿ. ಆರಿದ ಮೇಲೆ ಕರಗಿದ ಎಣ್ಣೆ ತೆಳುವಾಗಿ ಹರಡಿ ಮತ್ತೆ ಅಂಟುತ್ತದೆ. ಟಿಶ್ಯೂ ಮೇಲೆ ಹಳದಿ ಕಲೆ ಬರುವುದು ನಿಲ್ಲುವವರೆಗೆ ಇದೇ ಕೆಲಸ.

ಈಗ ಬೆಳಗಿನ ಚಳಿಯಲ್ಲೂ ಪೂರ್ತಿ ಮುಚ್ಚುತ್ತಿದೆ. ಮೊಬೈಲಿನಲ್ಲಿ ಸೆಕೆಂಡಿಗೆ 240 ಫ್ರೇಮಿನ ವಿಡಿಯೋ ಮಾಡಿ ಎಣಿಸಿದೆ. ಶಟರ್ ವೇಗ 1/30 ಸೆಕೆಂಡಿಗೆ ಇಟ್ಟರೆ ಲೆಕ್ಕದ ಪ್ರಕಾರ 8 ಫ್ರೇಮ್ ಬರಬೇಕು, ಬರುತ್ತಿದೆ. 1 ಸೆಕೆಂಡಿಗೆ ಇಟ್ಟರೆ 240ರ ಬದಲು 290ರ ಆಸುಪಾಸು. ಅದು ಬ್ಲೇಡಿನ ತಕರಾರಲ್ಲ, ನಿಧಾನ ವೇಗಗಳನ್ನು ಹಿಡಿದಿಡುವ ಹಲ್ಲುಚಕ್ರಗಳ ಜಿಡ್ಡು. ಅದನ್ನು ಸದ್ಯ ಬಿಚ್ಚುವುದಿಲ್ಲ, ಸುಮ್ನೆ ಇರುವೆ ಬಿಟ್ಟುಕೊಂಡ ಹಾಗಾಗುತ್ತದೆ. 1/500 ಅಳೆಯಲು ಮೊಬೈಲ್ ಸಾಲದು. ಸೆಲ್ಫ್ ಟೈಮರನ್ನಂತೂ ಮುಟ್ಟಿಲ್ಲ. ಹಳೇ ಶಟರುಗಳಲ್ಲಿ ಅದು ನಡುವೆ ಸಿಕ್ಕಿಕೊಂಡರೆ ಇಡೀ ಶಟರೇ ನಿಲ್ಲುತ್ತದೆ.

ಮುಂದಿನ ಭಾನುವಾರ ಒಂದು ಕಪ್ಪು-ಬಿಳುಪು ರೋಲ್ ಹಾಕಿ ಕೋಟೆ ಬೆಟ್ಟ ಹತ್ತುತ್ತೇನೆ. 1/60ರಿಂದ 1/250ರವರೆಗೆ ಮಾತ್ರ. ನೆಗೆಟಿವ್ ಫಿಲ್ಮ್ ಅಲ್ವಾ, ಬೆಳಕು ಸ್ವಲ್ಪ ಜಾಸ್ತಿ ಬಿದ್ದರೂ ತಡೆದುಕೊಳ್ಳುತ್ತದೆ.