ಉಜ್ಜೀವನ ಕೂಟಕ್ಕೆ ಹೋದರೆ ಹೊಸಬನಾಗುತ್ತೇನೆಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಣ್ಣ, ಪ್ರಾರ್ಥನೆಗೆ ಕುಳಿತರೆ ಮನಸ್ಸು ನಿಲ್ಲುವುದಿಲ್ಲ. ಸತ್ಯವೇದ ತೆರೆದರೆ ಅಕ್ಷರ ಕಾಣುತ್ತದೆ, ಮಾತು ಎದೆಗೆ ತಾಗುವುದಿಲ್ಲ. ಮೈಸೂರಿನಲ್ಲಿ ಉಜ್ಜೀವನ ಕೂಟ ಇದೆಯಂತೆ. ಹೋಗಿಬಂದರೆ ಸರಿಹೋಗುತ್ತದೆಯೇ?"

ಮಂಡ್ಯದ ನಮ್ಮ ಸಭೆಯಲ್ಲಿ ವೇದಪಾಠ ನಡೆಸುವ ನನಗೆ ಈ ಪ್ರಶ್ನೆ ಆರಾಧನೆ ಮುಗಿದ ಮೇಲೆ, ಮದುವೆಯ ಪಂಕ್ತಿಯಲ್ಲಿ, ಫೋನಿನಲ್ಲಿ ಬರುತ್ತಲೇ ಇರುತ್ತದೆ. ಉಜ್ಜೀವನ ಕೂಟವೆಂದರೆ ಬತ್ತಿದ ಭಕ್ತಿ ಮತ್ತೆ ಚಿಗುರಲೆಂದು ಕ್ರೈಸ್ತರು ಸೇರುವ ಪ್ರಾರ್ಥನೆ, ಪ್ರಸಂಗಗಳ ಕೂಟ. ಹೋಗಿ ಬನ್ನಿ ಎನ್ನುತ್ತೇನೆ. ಆದರೆ ಹೋಗುವ ಮುನ್ನ ಸತ್ಯವೇದದ, ಅಂದರೆ ಬೈಬಲಿನ, ಹಳೆಯ ಒಡಂಬಡಿಕೆಯ ನೆಹೆಮೀಯನ ಪುಸ್ತಕವನ್ನು ಓದಿ, ಎಂಟನೆಯ ಅಧ್ಯಾಯಕ್ಕೆ ಹಾರಿಬಿಡದೆ ಐದನೆಯದನ್ನು ಮೊದಲು ಓದಿ ಎಂದೂ ಹೇಳುತ್ತೇನೆ.

ಎಂಟನೆಯ ಅಧ್ಯಾಯ ಪ್ರಸಂಗಿಗಳಿಗೆ ಅಚ್ಚುಮೆಚ್ಚು. ಕ್ರಿಸ್ತಪೂರ್ವ 445ರ ಸುಮಾರು. ಪಾರಸಿಯ ರಾಜ ಅರ್ತಷಸ್ತನ ಪಾನದಾಯಕನಾಗಿದ್ದ ನೆಹೆಮೀಯ ಯೆರೂಸಲೇಮಿಗೆ ಬಂದು, ಬಿದ್ದುಹೋಗಿದ್ದ ಗೋಡೆಯನ್ನು 52 ದಿನಗಳಲ್ಲಿ ಕಟ್ಟಿಸಿದ್ದಾನೆ. ಏಳನೆಯ ತಿಂಗಳ ಮೊದಲ ದಿನ, ಅಂದರೆ ಯೆಹೂದ್ಯರು ಇಂದಿಗೂ ಹೊಸ ವರ್ಷವೆಂದು ಆಚರಿಸುವ ದಿನ, ಜನರೆಲ್ಲ ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ಸೇರುತ್ತಾರೆ. ಮರದ ಪೀಠದ ಮೇಲೆ ನಿಂತು ಯಾಜಕನೂ ಶಾಸ್ತ್ರಿಯೂ ಆದ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಮೋಶೆಯ ಧರ್ಮಶಾಸ್ತ್ರವನ್ನು ಓದುತ್ತಾನೆ. ದೇವಾಲಯದ ಸೇವೆಗೆ ಮೀಸಲಾದ ಕುಲದವರಾದ ಲೇವಿಯರು ಅದರ ಅರ್ಥ ಬಿಡಿಸಿ ಹೇಳುತ್ತಾರೆ. ಕೇಳುತ್ತಾ ಕೇಳುತ್ತಾ ಜನ ಅಳುತ್ತಾರೆ. ಉಜ್ಜೀವನ ಎಂದರೆ ಇದೇ ಎಂದು ನಾವು ಬೊಟ್ಟುಮಾಡಿ ತೋರಿಸುತ್ತೇವೆ.

ಆದರೆ ಅಲ್ಲಿಗೆ ಮುಟ್ಟುವ ಮೊದಲೇ, ಗೋಡೆಯ ಕೆಲಸ ಇನ್ನೂ ನಡೆಯುತ್ತಿರುವಾಗ, ಐದನೆಯ ಅಧ್ಯಾಯದಲ್ಲಿ ಬೇರೊಂದು ಅಳು ಎದ್ದಿದೆ. ಬಡವರೂ ಅವರ ಹೆಂಡಿರೂ ಕೂಗಿಕೊಳ್ಳುತ್ತಾರೆ. ಬರಗಾಲದಲ್ಲಿ ಕಾಳಿಗಾಗಿ ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟಿದ್ದೇವೆ. ರಾಜನ ಕಂದಾಯ ಕಟ್ಟಲು ಸಾಲ ಮಾಡಿದ್ದೇವೆ. ನಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ದಾಸಿಯರಾಗಿದ್ದಾರೆ. ಸಾಲ ಕೊಟ್ಟವರು ಹೊರಗಿನವರಲ್ಲ, ನಮ್ಮದೇ ರಕ್ತಮಾಂಸದವರು ಎನ್ನುತ್ತಾರೆ.

ಮಂಡ್ಯದವರಿಗೆ ಈ ಅಧ್ಯಾಯಕ್ಕೆ ವ್ಯಾಖ್ಯಾನ ಬೇಕೇ? ಕಬ್ಬು ಕಡಿದು ಕಳುಹಿಸಿ ಹಣಕ್ಕೆ ಕಾಯುವ ಮನೆ, ನಾಲೆಗೆ ನೀರು ಬರದ ವರ್ಷ ಅಡವಿಗೆ ಹೋದ ಮಾಂಗಲ್ಯ, ನೂರಕ್ಕೆ ಮೂರು, ನೂರಕ್ಕೆ ಐದು ಎಂದು ತಿಂಗಳ ಲೆಕ್ಕದಲ್ಲಿ ಬೆಳೆಯುವ ಕೈಸಾಲ, ಇವು ನಮ್ಮ ನೆರೆಹೊರೆಯ ಮಾತುಗಳು. ಕಿರುಸಾಲದ ವಸೂಲಿಯಲ್ಲಿ ನಡೆಯುವ ಬಲಾತ್ಕಾರವನ್ನು ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ನೆಹೆಮೀಯನ ಕಾಲದ ಶ್ರೀಮಂತರು ತೆಗೆದುಕೊಳ್ಳುತ್ತಿದ್ದದ್ದು ನೂರಕ್ಕೆ ಒಂದು. ಅಷ್ಟಕ್ಕೇ ಅವನಿಗೆ ಬಹಳ ಕೋಪ ಬಂದಿತೆಂದು ಬರೆದಿದೆ.

ಆ ಕೋಪದ ಜೊತೆಗೆ ಬಂದ ಮಾತನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ನಾನೂ ನನ್ನ ತಮ್ಮಂದಿರೂ ಸೇವಕರೂ ಜನರಿಗೆ ಹಣ ಮತ್ತು ಕಾಳನ್ನು ಸಾಲ ಕೊಟ್ಟಿದ್ದೇವೆ, ಈ ಬಡ್ಡಿಯನ್ನು ಬಿಟ್ಟುಬಿಡೋಣ ಎನ್ನುತ್ತಾನೆ. ತನ್ನನ್ನು ಹೊರಗಿಟ್ಟುಕೊಂಡು ಉಪದೇಶ ಮಾಡುವುದಿಲ್ಲ. ಹೊಲಗಳನ್ನೂ ಬಡ್ಡಿಯನ್ನೂ ಈ ಹೊತ್ತೇ ಹಿಂದಕ್ಕೆ ಕೊಡಿ ಎನ್ನುತ್ತಾನೆ. ಯಾಜಕರನ್ನು ಕರೆಸಿ ಆಣೆ ಇಡಿಸುತ್ತಾನೆ. ಮಾತು ತಪ್ಪಿದವನನ್ನು ದೇವರು ಹೀಗೆ ಝಾಡಿಸಲಿ ಎಂದು ತನ್ನ ಮಡಿಲನ್ನೇ ಝಾಡಿಸಿ ತೋರಿಸುತ್ತಾನೆ. ಆಗ ಸಭೆಯೆಲ್ಲ "ಆಮೆನ್" ಎನ್ನುತ್ತದೆ. ಈ ಪುಸ್ತಕದಲ್ಲಿ "ಆಮೆನ್" ಕೇಳಿಬರುವುದು ಎರಡೇ ಕಡೆ. ಎರಡನೆಯದು ನೀರುಬಾಗಿಲಿನ ಬಯಲಿನಲ್ಲಿ, ಎಜ್ರನು ದೇವರನ್ನು ಕೊಂಡಾಡಿದಾಗ. ಮೊದಲನೆಯದು ಇಲ್ಲಿ, ಅಡವಿನ ಹೊಲ ಬಿಟ್ಟುಕೊಟ್ಟಾಗ.

ಇದು ಸಮಾಜಸೇವೆಯಾಯಿತು, ಆತ್ಮಿಕ ವಿಷಯ ಹೇಳಿ ಎಂದು ಕೆಲವರು ಬೇಸರಿಸುತ್ತಾರೆ. ನಾನು ಒಪ್ಪುವುದಿಲ್ಲ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಹಾಕಬೇಡ, ಒತ್ತೆ ಇಟ್ಟುಕೊಂಡ ಹೊದಿಕೆಯನ್ನು ಹೊತ್ತು ಮುಳುಗುವ ಮೊದಲೇ ಹಿಂದಿರುಗಿಸು ಎಂದು ಅದೇ ಧರ್ಮಶಾಸ್ತ್ರದ ವಿಮೋಚನಕಾಂಡದ 22ನೆಯ ಅಧ್ಯಾಯದಲ್ಲೇ ಇದೆ. ನೆರೆಯವನ ಹೊಲವನ್ನು ಹಿಡಿದಿಟ್ಟುಕೊಂಡ ಮನುಷ್ಯನಿಗೆ ಇಂಥ ಶಾಸ್ತ್ರ ಹೇಗೆ ತಾಗೀತು? ಯೇಸುಸ್ವಾಮಿ ಸುಂಕ ವಸೂಲಿಯವನಾದ ಜಕ್ಕಾಯನ ಮನೆಗೆ ಹೋದಾಗಲೂ ಹೀಗೆಯೇ ಆಯಿತು. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಎಂದು ಅವನು ನಿಂತು ಹೇಳಿದ ಮೇಲೆ, ಈ ಹೊತ್ತು ಈ ಮನೆಗೆ ರಕ್ಷಣೆಯಾಯಿತು ಎಂದು ಸ್ವಾಮಿ ನುಡಿದರು.

ಒಣಗಿದ ಮನಸ್ಸೆಲ್ಲ ಪಾಪದಿಂದಲೇ ಒಣಗಿದ್ದಲ್ಲ. ಸಾವು ಕಂಡ ಮನೆಯವರು, ಆಸ್ಪತ್ರೆಗೆ ಅಲೆದು ಸೋತವರು, ತಾವೇ ಸಾಲದಲ್ಲಿ ಮುಳುಗಿದವರು ನನ್ನ ಬಳಿ ಬಂದಾಗ ಐದನೆಯ ಅಧ್ಯಾಯವನ್ನು ಅವರ ಮುಂದೆ ಹಿಡಿಯುವುದು ಕ್ರೌರ್ಯ. ಅವರಿಗೆ ಎಂಟನೆಯದರ ನಡುಭಾಗವಿದೆ. ಅಳುತ್ತಿದ್ದ ಜನರಿಗೆ ನಾಯಕರು ಇನ್ನಷ್ಟು ಅಳಿ ಎನ್ನಲಿಲ್ಲ. ದುಃಖಪಡಬೇಡಿ, ಹೋಗಿ ಮೃಷ್ಟಾನ್ನ ಉಣ್ಣಿರಿ, ಸಿಹಿಯಾದದ್ದನ್ನು ಕುಡಿಯಿರಿ, ಏನೂ ಇಲ್ಲದವರಿಗೆ ಪಾಲು ಕಳುಹಿಸಿ, ಯೆಹೋವನ ಆನಂದವೇ ನಿಮ್ಮ ಬಲ ಎಂದರು. ಉಪವಾಸ, ಗೋಣಿತಟ್ಟು, ಪಾಪದ ಅರಿಕೆ ಎಲ್ಲವೂ ಬಂದವು, ಆದರೆ ಅದೇ ತಿಂಗಳ 24ನೆಯ ದಿನ, ಪರ್ಣಶಾಲೆಗಳ ಹಬ್ಬದ ಸಂತೋಷವೂ ಮುಗಿದ ಮೇಲೆ. ಸೋತವರಿಗೆ ಮೊದಲು ಊಟ, ಅವರ ಪಾಲನ್ನು ಕಳುಹಿಸಲು ಒಂದು ಸಭೆ. ನಮ್ಮ ಕೂಟಗಳಲ್ಲಿ ಈ ಕ್ರಮ ತಲೆಕೆಳಗಾಗುವುದು ನನಗೆ ನೋವಿನ ವಿಷಯ.

ಕೂಟದಿಂದ ಬಂದು ಮೂರು ತಿಂಗಳಿಗೆಲ್ಲ ಮತ್ತೆ ಒಣಗಿತು ಎಂದು ನಾಚುತ್ತಾ ಬರುವವರಿಗೆ 13ನೆಯ ಅಧ್ಯಾಯ ತೋರಿಸುತ್ತೇನೆ. ನೆಹೆಮೀಯ ರಾಜನ ಬಳಿಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಜನರು ಕೊಡಬೇಕಾದ ಪಾಲು ಸಿಗದ ಲೇವಿಯರು ತಮ್ಮ ತಮ್ಮ ಹೊಲಗಳಿಗೆ ಹೊರಟುಹೋಗಿದ್ದರು, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ದಿನ ತೂರ್ ಪಟ್ಟಣದವರು ಮೀನು ಮಾರುತ್ತಿದ್ದರು. ಅವನು ಮತ್ತೆ ಮೊದಲಿನಿಂದ ಆರಂಭಿಸಿದ. (ಅಲ್ಲಿ ಅನ್ಯಜನಾಂಗದ ಹೆಂಡಿರ ವಿಷಯದಲ್ಲಿ ಅವನು ತೋರಿದ ಸಿಟ್ಟನ್ನು ನಾನು ಅನುಸರಿಸಲಾರೆ. ಅನ್ಯಜನಾಂಗದಿಂದ ಸೊಸೆಯಾಗಿ ಬಂದ ಮೋವಾಬಿನ ರೂತಳೂ ಅದೇ ಧರ್ಮಗ್ರಂಥದಲ್ಲಿದ್ದಾಳೆ.)

ಓದುವುದಾದರೆ ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ, ಅಜ್ಜಿಯಿಂದ ಮಕ್ಕಳವರೆಗೆ ಎಲ್ಲರೂ ಕೇಳಲಿ. ಎಜ್ರನ ಮುಂದೆಯೂ ಗಂಡಸರು, ಹೆಂಗಸರು, ಗ್ರಹಿಸಬಲ್ಲ ಎಲ್ಲರೂ ನಿಂತಿದ್ದರು. ಹತ್ತನೆಯ ಅಧ್ಯಾಯದ 31ನೆಯ ವಚನಕ್ಕೆ ಬಂದಾಗ ಅವಸರಪಡಬೇಡಿ. ಏಳನೆಯ ವರ್ಷ ಭೂಮಿಗೆ ಬಿಡುವು ಕೊಡುತ್ತೇವೆ, ಸಾಲವನ್ನೂ ಬಿಟ್ಟುಬಿಡುತ್ತೇವೆ ಎಂದು ಆ ಜನ ಬರೆದು ಮುದ್ರೆ ಹಾಕಿದ್ದು ಅಲ್ಲಿದೆ. ನಿಮ್ಮ ಬೀರುವಿನಲ್ಲಿ ಯಾರದ್ದಾದರೂ ಪ್ರಾಮಿಸರಿ ನೋಟು ಇದ್ದರೆ ಅದನ್ನು ಹೊರತೆಗೆದು ಪಕ್ಕದಲ್ಲಿಟ್ಟುಕೊಂಡು ಓದಿ.